ಒಂದೂಮುಕ್ಕಾಲು ಮಿಲಿಮೀಟರ್

ಗಡಿಯಾರವಲ್ಲ, ನಲ್ಲಿ ತೊಟ್ಟಿಕ್ಕುತ್ತಿರುವುದು, ವಾಷರ್ ಬದಲಿಸಬೇಕೆಂದು ಒಂದು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ, ಊರಿನವರ ಬೈಕಿನ ಇಂಜಿನ್ನೆಲ್ಲ ಬಿಚ್ಚಿ ಜೋಡಿಸುವವಳಿಗೆ ಒಂದು ನಲ್ಲಿ ಸರಿಮಾಡಲು ಪುರುಸೊತ್ತಿಲ್ಲ — ಮೂರೂಕಾಲು, ನಾಲ್ಕಕ್ಕೆ ತಮ್ಮ ಬರುತ್ತಾನೆ, ಬಂದವನು ಮೊದಲು ಕೇಳುವುದೇ ಅದು, ಅಕ್ಕಾ ದೊಡ್ಡದು ಹಾಕಿದ್ಯಾ ಇಲ್ವಾ, ನಾಳೆ ರೇಸು, ಮೇಜಿನ ಮೇಲೆ ಎರಡು ಕ್ಯಾಮ್‌ಶಾಫ್ಟ್, ಒಂದರ ಉಬ್ಬು ದೊಡ್ಡದು, ಇನ್ನೊಂದರದು ಸಣ್ಣದು, ವ್ಯತ್ಯಾಸ ಕಣ್ಣಿಗೆ ಕಾಣುವುದೂ ಕಷ್ಟ, ಆದರೆ ವಾಲ್ವನ್ನು ಒತ್ತಿ ತೆರೆಯುವುದು ಈ ಉಬ್ಬುಗಳೇ, ಇಂಜಿನ್ ಎಷ್ಟು ಹೊತ್ತು ಉಸಿರೆಳೆದುಕೊಳ್ಳಬೇಕು ಎಷ್ಟು ಹೊತ್ತು ಬಿಡಬೇಕು ಎಲ್ಲ ಇವುಗಳ ಅಪ್ಪಣೆ. ಕ್ಯಾಮ್ ಮಾಡಿಕೊಡುವ ಯಜಮಾನರು ಬೆಳಿಗ್ಗೆ ಫೋನಿನಲ್ಲಿ ಗದರಿದರು, ಅಲ್ಲಮ್ಮಾ, ಈ ವರ್ಷ ಸೂಪರ್‌ಚಾರ್ಜರ್ ಬೇರೆ ಕೂರಿಸಿದೀಯ, ಅದು ಗಾಳೀನ ಒತ್ತಿ ಒತ್ತಿ ತುಂಬುತ್ತೆ, ನೀನು ದೊಡ್ಡದು ಹಾಕಿ ಬರೋ ಬಾಗ್ಲು ಹೋಗೋ ಬಾಗ್ಲು ಎರಡನ್ನೂ ಒಟ್ಟಿಗೆ ತೆಗೆದಿಟ್ರೆ ತುಂಬಿದ್ದೆಲ್ಲ ಹಾಗೇ ಆಚೆ ಹೋಗುತ್ತೆ, ಸಣ್ಣದು ಹಾಕು, ಸುಮ್ನೆ ತಲೆ ಕೆಡಿಸ್ಕೋಬೇಡ. ತಲೆ ಕೆಟ್ಟಿರುವುದು ಅದಕ್ಕಲ್ಲ ಯಜಮಾನರೇ, ಅಷ್ಟು ನನಗೂ ಗೊತ್ತು. ತಮ್ಮನಿಗೆ ಹೇಳಿದರೆ ನಗುತ್ತಾನೆ, ಸಣ್ಣದು ಹಾಕಿದ್ರೆ ಹಾಲು ಹಾಕೋರ ಗಾಡಿ ಆಗುತ್ತಕ್ಕಾ, ದೊಡ್ಡದೇ ಹಾಕು, ಈ ಸಲ ಗೇರ್ ತಪ್ಪಿಸಲ್ಲ, ನಿನ್ನಾಣೆ. ನಿನ್ನಾಣೆ ಎನ್ನುತ್ತಾನೆ, ನನ್ನ ಮುಖ ನೋಡಿಕೊಂಡೇ.

ಬೆರಳಿಗೆ ಕ್ಲೇ ಅಂಟಿದೆ, ಹಸಿರು ಬಣ್ಣದ್ದು, ಮಕ್ಕಳು ಆನೆ ಕುದುರೆ ಮಾಡಿ ಆಡುವಂಥದ್ದು, ಪಿಸ್ಟನ್ನಿನ ತಲೆಗೆ ಅದನ್ನು ಮೆತ್ತಿ, ಅದರ ಮೇಲೆ ವಾಲ್ವುಗಳಿರುವ ಹೆಡ್ ಕೂರಿಸಿ, ದೊಡ್ಡ ಕ್ಯಾಮ್ ಹಾಕಿ, ಸ್ಪ್ಯಾನರಿನಿಂದ ಮೆಲ್ಲಗೆ ಎರಡು ಸುತ್ತು ತಿರುಗಿಸಿ ಮತ್ತೆ ಬಿಚ್ಚಿದರೆ, ವಾಲ್ವು ಪಿಸ್ಟನ್ನಿಗೆ ಎಷ್ಟು ಹತ್ತಿರ ಬಂದು ಹೋಯಿತೆಂದು ಕ್ಲೇ ಹೇಳುತ್ತದೆ, ಪಾಪ, ಅದಕ್ಕೆ ಸುಳ್ಳು ಬರುವುದಿಲ್ಲ. ಬ್ಲೇಡಿನಿಂದ ಕೊಯ್ದೆ, ಅಳೆದೆ, ಒಂದೂಮುಕ್ಕಾಲು ಮಿಲಿಮೀಟರ್, ಎರಡಾದರೂ ಬೇಕು, ಮತ್ತೆ ಅಳೆದೆ, ಒಂದೂಮುಕ್ಕಾಲು — ಹೋದ ವರ್ಷವೂ ಅಷ್ಟೇ ಬಂದಿತ್ತು, ಇದೇ ಅಳತೆಯ ಕ್ಯಾಮ್, ನಡೆಯುತ್ತೆ ಬಿಡು ಅಂದುಕೊಂಡೆ, ಅಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು, ಇನ್ನೂ ಸ್ವಲ್ಪ ಕಸುವು ಬರಲಿ ಎಂದು ಹೆಡ್ಡಿನ ಕೆಳಗೆ ಮಾಮೂಲಿಗಿಂತ ತೆಳು ಗ್ಯಾಸ್ಕೆಟ್ ಹಾಕಿದೆ, ಹೆಡ್ ಅಷ್ಟು ಕೆಳಗಿಳಿಯಿತು, ಅದರ ಜೊತೆ ವಾಲ್ವೂ, ಮತ್ತೆ ಕ್ಲೇ ಇಡಬೇಕಿತ್ತು, ಇಡಲಿಲ್ಲ, ಆಯ್ತಾ ಅಕ್ಕಾ ಆಯ್ತಾ ಅಕ್ಕಾ ಎಂದು ಅವನು ಬಾಗಿಲಲ್ಲಿ ಪ್ರಾಣ ತಿನ್ನುತ್ತಿದ್ದ, ಒಂದೇ ಕೆಲಸ ಎಷ್ಟು ಸಲ ಮಾಡೋದು ಅಂದುಕೊಂಡು ಬೋಲ್ಟ್ ಬಿಗಿದೆ. ಎರಡು ವಾರ ಓಡಿತು. ನೇರ ರಸ್ತೆಯ ಕೊನೆ, ಅವನು ಗೇರ್ ಇಳಿಸಿದ, ಒಂದು ಸದ್ದು, ಆಮೇಲೆ ಸದ್ದೇ ಇಲ್ಲ, ಹಿಂದಿನ ಚಕ್ರ ಕಚ್ಚಿಕೊಂಡು ನಿಂತಿತು, ಅವನು ಮಾತ್ರ ಮುಂದೆ ಹೋದ.

ಆ ಸಂಜೆಯೇ ಇಂಜಿನ್ ಬಿಚ್ಚಿದ್ದೆ. ಪಿಸ್ಟನ್ನಿನ ಒಂದು ಮಗ್ಗುಲು ಪುಡಿ, ಇನ್ನೊಂದು ಮಗ್ಗುಲಲ್ಲಿ ಬಾಗಿದ ಒಂದು ಗುರುತು, ಹಿಟ್ಟಿನ ಮೇಲೆ ಉಗುರೊತ್ತಿದಷ್ಟು, ಗೇರ್ ತಪ್ಪಿ ಇಂಜಿನ್ ಮಿತಿಮೀರಿ ಸುತ್ತಿ ವಾಲ್ವು ಒಂದೇ ಏಟಿಗೆ ಬಡಿದದ್ದಾದರೆ ತರಿತರಿಯಾಗಿರಬೇಕು, ಇದು ನುಣ್ಣಗಿತ್ತು, ದಿನಾ ತಾಗಿ ತಾಗಿ ಹೊಳಪು ಬಂದಿತ್ತು, ಎರಡು ವಾರ ನನ್ನ ವಾಲ್ವು ಅದನ್ನು ಸವರುತ್ತಲೇ ಇತ್ತು. ಮರುದಿನ ಆಸ್ಪತ್ರೆ, ಎಡಗಾಲಿಗೆ ರಾಡು, ಗೇರ್ ತಪ್ಪಿಸಿಬಿಟ್ಟೆ ಅಕ್ಕಾ, ನಿನ್ ಇಂಜಿನ್ ಹಾಳ್ಮಾಡ್ಬಿಟ್ಟೆ, ಅವನು ಅತ್ತದ್ದು ಕಾಲಿಗಲ್ಲ, ನನ್ನ ಇಂಜಿನ್ನಿಗೆ, ನಾನು ಅವನ ತಲೆ ಸವರಿ ಹೋಗ್ಲಿ ಬಿಡೋ ಅಂದೆ. ಹೋಗ್ಲಿ ಬಿಡೋ! ಎಂಥ ದೊಡ್ಡ ಮನಸ್ಸು ನನ್ನದು. ನೋಡು, ಅಕ್ಕ ಒಂದ್ ಮಾತು ಬೈಲಿಲ್ಲ ನಿಂಗೆ ಅಂದಳು ಅಮ್ಮ. ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು, ಆಗಲೂ ಬಾಯಿ ಬಿಡಲಿಲ್ಲ, ಪಿಸ್ಟನ್ನನ್ನು ಬಟ್ಟೆಯಲ್ಲಿ ಸುತ್ತಿ ಕೆಳಗಿನ ಡ್ರಾಯರಿಗೆ ಹಾಕಿ ಬೀಗ ಹಾಕಿದೆ, ಒಂದು ವರ್ಷವಾಯಿತು.

ಸಣ್ಣದನ್ನು ಹಾಕಿ ಮುಚ್ಚಿಬಿಟ್ಟರೆ ಯಾರಿಗೆ ಕಾಣುತ್ತೆ — ಅವನಿಗೆ ಕೇಳಿಸುತ್ತೆ, ಸ್ಟಾರ್ಟ್ ಮಾಡಿದ ತಕ್ಷಣ ಸದ್ದಿನಲ್ಲೇ ಹಿಡಿಯುತ್ತಾನೆ, ಯಾಕಕ್ಕಾ ಎನ್ನುತ್ತಾನೆ, ಆಮೇಲೆ? ದೊಡ್ಡದು ಹಾಕಿದರೆ ಏನೂ ಹೇಳಬೇಕಿಲ್ಲ, ಕಾಲು ಮಿಲಿಮೀಟರ್ ತಾನೇ ಕಡಿಮೆ, ನಡೆಯುತ್ತೆ ಬಿಡು — ಅದೇ ಮಾತು, ಅದೇ ಬಾಯಿ, ಥೂ ನನ್ನ. ಗೇಟಿನ ಸದ್ದು. ಇನ್ನೂ ಮೂರೂವರೆ. ಒಂದು ಹೆಜ್ಜೆ, ಒಂದು ಎಳೆತ, ಒಂದು ಹೆಜ್ಜೆ, ಒಂದು ಎಳೆತ, ಕೈ ತಾನಾಗಿ ಸಣ್ಣದನ್ನು ಎತ್ತಿಕೊಂಡಿದೆ, ಅಕ್ಕಾ, ಅಯ್ಯೋ ಸಣ್ಣದಾ, ಯಾಕೆ ದೊಡ್ಡದು ಕೂರಲ್ವಾ, ಒಂದೂಮುಕ್ಕಾಲು ಬಂತು ಕಣೋ, ಅಷ್ಟೇನಾ, ಹೋದ್ ವರ್ಷ ಓಡಿತ್ತಲ್ಲಕ್ಕಾ, ನಾನ್ ಗೇರ್ ತಪ್ಪಿಸ್ದೆ ಅಷ್ಟೆ.

ಕೆಳಗಿನ ಡ್ರಾಯರಿನ ಬೀಗ ತೆಗೆಯುತ್ತೇನೆ, ಬಟ್ಟೆ ಬಿಚ್ಚುತ್ತೇನೆ, ಪಿಸ್ಟನ್ ಅವನ ಅಂಗೈಗೆ, ಏನಕ್ಕಾ ಇದು ಎಂದು ನಗುತ್ತಲೇ ಕಿಟಕಿಯ ಬೆಳಕಿಗೆ ಹಿಡಿಯುತ್ತಾನೆ, ಹೆಬ್ಬೆರಳು ಅದರ ಮೇಲೆ ಸರಿಯುತ್ತದೆ, ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ, ಇದು ಒಂದ್ ದಿನದ್ದಲ್ಲ ಅಲ್ವಾ ಅಕ್ಕಾ — ನಲ್ಲಿಯಿಂದ ಒಂದು ತೊಟ್ಟು — ಅವನ ಹೆಬ್ಬೆರಳ ಕೆಳಗೆ ಬಾಗಿದ ಗುರುತು, ನುಣ್ಣಗೆ, ಉಗುರೊತ್ತಿದಷ್ಟು, ಹೊಳೆಯುತ್ತಿದೆ, ಆ ಗುರುತು ನನ್ನದು.