ಒಂದನೇ ಅರ್ಜಿದಾರಳು

“ಏಳನೇ ಕ್ಲಾಸಿಗೇ ಪುಸ್ತಕ ಬಿಸಾಕಿ ಬಂದವನು ನನಗೆ ಸಂವಿಧಾನ ಹೇಳಿಕೊಡ್ತಾನಂತೆ, ಕೇಳ್ರಪ್ಪಾ,” ಎಂದರು ಹಿರಿಯ ವಕೀಲರು. ಕಚೇರಿಯಲ್ಲಿದ್ದ ನಾಲ್ವರು ಕಿರಿಯರು ಸಂಬಳಕ್ಕೆ ತಕ್ಕಷ್ಟು ನಕ್ಕರು.

ಬೈಂಡರ್ ದಬ್ಬಳ ಹಿಡಿದುಕೊಂಡೇ ನಿಂತಿದ್ದ. ಸಂಪತ್ತಿನ ಮೇಲಿನ ಹೊಸ ತೆರಿಗೆ ಸಂವಿಧಾನಕ್ಕೆ ವಿರುದ್ಧ ಎನ್ನುವ ಆ ಅರ್ಜಿಯ ಐದು ಪ್ರತಿಗಳನ್ನು ಬೆಳಗಿನಿಂದ ಹೊಲಿದವನು ಅವನೇ. ಗಂಟು ಹಿಂಬದಿಗೆ ಬರಲೆಂದು ಕಟ್ಟನ್ನು ಬೋರಲು ಹಾಕಿ ಹೊಲಿಯುವುದು ಅವನ ಪದ್ಧತಿ. ಮೊದಲ ಪುಟ ಕಣ್ಣಿಗೆ ಬೀಳುವುದು ಕೊನೆಯಲ್ಲಿ, ಚೀಟಿ ಅಂಟಿಸುವಾಗ. ಐದಕ್ಕೂ ಗಂಟು ಬಿಗಿದು ಅರಗು ಒತ್ತಿ ಮಗುಚಿದರೆ, ಒಂದನೇ ಅರ್ಜಿದಾರಳ ಜಾಗದಲ್ಲಿ ಅವನ ತಾಯಿಯ ಹೆಸರಿತ್ತು. ಇದೇ ಕಚೇರಿಯ ಕಸ ಗುಡಿಸುವವಳು. ಹೆಸರಿನ ಕೆಳಗೆ ಅವಳ ಪರಿಚಯ: ‘ಎರಡು ಕೋಣೆಯ ಮನೆಯೊಂದೇ ಆಧಾರವಾಗಿರುವ ವಿಧವೆ.’ ಗಣಿ, ಕಾರ್ಖಾನೆ, ಬಂಗಲೆಗಳ ಒಡೆಯರು ಎರಡರಿಂದ ಹನ್ನೊಂದರವರೆಗೆ ಅವಳ ಸೆರಗಿನ ಮರೆಯಲ್ಲಿ ಸಾಲಾಗಿ ನಿಂತಿದ್ದರು. ಅವನು ಅಲ್ಲೇ ಕೂತು ಹಾಳೆ ತಿರುವಿ ತಿರುವಿ ಓದಿ, ಇದು ಸರಿಯಲ್ಲ ಎಂದು ವಕೀಲರ ಮುಂದೆ ಬಂದು ನಿಂತಿದ್ದ.

“ಈ ತೆರಿಗೆ ನೂರು ಕೋಟಿ ಮೇಲಿದ್ದೋರಿಗೆ ಅಂತ ನೀವೇ ಒಳಗೆ ಬರೆದಿದ್ದೀರಿ ಸಾರ್. ನಮ್ಮನೆ ಬಾಗಿಲಿಗೆ ಏಳು ಜನ್ಮಕ್ಕೂ ಬರಲ್ಲ. ಅಮ್ಮನ ಹೆಸರು ತೆಗೀರಿ.”

“ಇವತ್ತು ನೂರು ಕೋಟಿ. ನಾಳೆ ಮಿತಿ ಇಳಿಸಿದ್ರೆ?” ವಕೀಲರು ಕನ್ನಡಕ ಒರೆಸಿಕೊಂಡರು. “ಸಂಪಾದನೆ ಮೇಲಲ್ಲ, ಬರೀ ಇಟ್ಟುಕೊಂಡಿರೋದರ ಮೇಲೆ ತೆರಿಗೆ ಹಾಕೋ ಅಧಿಕಾರ ಸಂವಿಧಾನ ಕೊಟ್ಟಿದೆಯಾ ಅನ್ನೋದು ಪ್ರಶ್ನೆ. ಗಣಿ ಧಣಿ ಕೇಳಿದ್ರೆ ನ್ಯಾಯಮೂರ್ತಿಗಳು ಆಕಳಿಸ್ತಾರೆ. ನಿಮ್ಮಮ್ಮ ಕೇಳಿದ್ರೆ ಕಿವಿ ಕೊಡ್ತಾರೆ. ದಬ್ಬಳ ಹಿಡಿಯೋ ಕೈಗೆ ಇಷ್ಟು ತಿಳಿದ್ರೆ ಸಾಕು.”

ಅವನು ಕತ್ತರಿ ತೆಗೆದುಕೊಂಡು ಮೇಲಿದ್ದ ಕಟ್ಟಿನ ದಾರಕ್ಕೆ ಇಟ್ಟ.

“ಬೇಡ ಕಣೋ.” ಬಾಗಿಲಲ್ಲಿ ತಾಯಿ, ಪೊರಕೆ ಸಮೇತ. “ನಾನೇ ಸೈನ್ ಹಾಕಿದ್ದು. ಸರ್ಕಾರದೋರು ಮನೆ ಅಳೆಯೋಕೆ ಬರ್ತಾರಂತೆ, ಸಾಹೇಬ್ರು ತಡೀತಾರಂತೆ. ನಿಮ್ಮಪ್ಪ ಹೋದಾಗ ನಮಗೆ ಉಳಿದಿದ್ದು ಆ ನಾಲ್ಕು ಗೋಡೆ ತಾನೇ? ತಪ್ಪಾಯ್ತು ಅಂತ ಹೇಳು ಅವರಿಗೆ.”

ವಕೀಲರು ಕೈಕಟ್ಟಿ ಕಾದರು. ತಮಾಷೆ ನೋಡಲು ಕಿರಿಯನೊಬ್ಬ ಕುರ್ಚಿ ಇತ್ತ ತಿರುಗಿಸಿಕೊಂಡ.

ಬೈಂಡರ್ ಕತ್ತರಿ ಕೆಳಗಿಟ್ಟ. ಜೇಬಿನಿಂದ ಕಚೇರಿಯ ದಾರದ ಉಂಡೆ ತೆಗೆದು ಅದರ ಪಕ್ಕದಲ್ಲಿಟ್ಟ. ದಬ್ಬಳ ಅವನ ಸ್ವಂತದ್ದು. ಅದನ್ನು ಜೇಬಿಗೆ ಹಾಕಿಕೊಂಡ.

ತಾಯಿ ತೋಳು ಹಿಡಿದುಕೊಂಡಳು. “ಇರೋ. ಅದರಲ್ಲಿ ಬರೆದಿರೋದು ಓದಿದ್ದೀಯಲ್ಲ ನೀನು. ನಮ್ಮನೆ ಉಳಿಯುತ್ತೆ ತಾನೇ?”

ಅವನು ತೋಳು ಬಿಡಿಸಿಕೊಂಡು ಮೆಟ್ಟಿಲಿಳಿದ. ಮೇಲೆ, ಅವನು ಬೆಳಗಿನಿಂದ ಕತ್ತರಿಸಿ ಚೆಲ್ಲಿದ್ದ ತುಂಡು ದಾರಗಳನ್ನು ಬಳಿಯುವ ಪೊರಕೆಯ ಸದ್ದು ಮೆಲ್ಲಗೆ ಶುರುವಾಯಿತು.