ಆಲ್ಟನ್ ಬಿದ್ದ ಜಾಗ

ಜಗಲಿಯಲ್ಲಿ ಕೂತು ಅಲಸಂದೆ ಕಾಯಿ ಬಿಡಿಸುತ್ತಿದ್ದೆ. ಪ್ರೀತಿಯಿಂದ ನನ್ನನ್ನು ಅತ್ತೆ ಎನ್ನುವ ವರ್ಲೀನ್ ಬಂದು, ಒಂದು ಹಿಡಿ ಕಾಯಿ ಮಡಿಲಿಗೆ ಹಾಕಿಕೊಂಡಳು.

ಅವಳ ಗಂಡ ಆಲ್ಟನ್ ಮಿಸಿಸಿಪ್ಪಿ ನದಿಯ ಸರಕು ದೋಣಿಯ ಆಳಾಗಿದ್ದ. ಅದೇ ದೋಣಿಯಲ್ಲಿ ನಾನು ಅಡುಗೆಯವಳು. ಸವೆದ ಉಕ್ಕಿನ ಹಗ್ಗ ಹರಿದು ಎದೆಗೆ ಬಡಿದು ಅವನು ಸತ್ತು ಮೂರು ವರ್ಷವಾಯಿತು. ಪರಿಹಾರಕ್ಕೆಂದು ವರ್ಲೀನ್ ದೋಣಿ ಕಂಪನಿಯ ಮೇಲೆ ದಾವೆ ಹೂಡಿದ್ದಳು.

"ಫೆಡರಲ್ ಕೋರ್ಟಿನೋರು ಏನಂದ್ರು ಕಣೇ?"

"ಅವರೂ ಆಗಲ್ಲ ಅಂದ್ರು, ಹ್ಯಾಟಿ ಅತ್ತೆ. ರಾಜ್ಯದ ಕೋರ್ಟಿನೋರು 'ನದಿ ಮೇಲಿನ ಸಾವು, ನಮಗೆ ಬರಲ್ಲ, ಫೆಡರಲ್ ಕೋರ್ಟಿಗೆ ಹೋಗು' ಅಂದಿದ್ರು. ಇವರು 'ಹೆಣ ದಡದಲ್ಲಿತ್ತು, ರಾಜ್ಯದ ನೆಲ, ಅಲ್ಲಿಗೇ ಹೋಗು' ಅಂತಾರೆ. ಅಲ್ಲಿ ಕೇಸು ಹಾಕೋ ವಾಯಿದೆ ಮುಗಿದೋಯ್ತು."

"ದಡದಲ್ಲಿತ್ತು ಅಂತ ಯಾರಂದ್ರು?"

"ಕಂಪನಿಯೋರು ಫೋಟೋ ಕೊಟ್ಟಿದಾರೆ. ಬದುಕಿದ್ದಾಗ ನೆಟ್ಟಗೆ ಒಂದು ಜೊತೆ ಬೂಟು ಇರಲಿಲ್ಲ. ಸತ್ತ ಮೇಲೆ ನೋಡಿ, ಎರಡೆರಡು ಕೋರ್ಟು!"

ನನ್ನ ಕೈ ನಿಂತಿತು.

ನಮ್ಮವರಲ್ಲಿ ಸತ್ತವರನ್ನು ನೀರಿನ ಮೇಲೆ ಬಿಡುವುದಿಲ್ಲ. ಜೀವ ಹೊಳೆಯ ಜೊತೆ ಅಲೆಯುತ್ತದೆ ಅಂತ. "ದೋಣಿ ಕಬ್ಬಿಣದ ಮೇಲೆ ಬಿಡಬೇಡ್ರೋ, ಮಣ್ಣಿಗೆ ತನ್ನಿ" ಎಂದು ಅಂದು ಕೂಗಿದವಳು ನಾನೇ. ನಾಲ್ಕು ಜನ ದಡಕ್ಕೆ ಹೊತ್ತು ತಂದರು. ಮೇಜಿನ ಬಟ್ಟೆ ಹೊದಿಸಿದೆ. ಕ್ಯಾಪ್ಟನ್ ಮೊದಲು ಟೋಪಿ ತೆಗೆದ. ಆಮೇಲೆ ಕ್ಯಾಮೆರಾ ತೆಗೆದ.

ಜೀವ ಅಲೆಯುವುದೇನೂ ನಿಲ್ಲಲಿಲ್ಲ. ದಡದಿಂದ ದೋಣಿಗೆ ಹಾಕಿದ ಹಲಗೆಯ ಮೇಲೆ ಕಾಲಿಟ್ಟಾಗಲೆಲ್ಲ ಆಲ್ಟನ್ ನಡುವೆ ನಿಂತಿರುತ್ತಾನೆ. ಎದೆ ಹಿಡಿದುಕೊಂಡು ನನ್ನನ್ನೇ ನೋಡುತ್ತಾನೆ. ಪಕ್ಕಕ್ಕೆ ಸರಿದು ನಾನು ದಾಟುತ್ತೇನೆ.

"ಅವನು ಸತ್ತಿದ್ದು ದೋಣಿ ಮೇಲೇ ಕಣೇ. ಕಣ್ಣಾರೆ ನೋಡಿದೀನಿ. ದಡಕ್ಕೆ ತರಿಸಿದ್ದೂ ನಾನೇ."

ವರ್ಲೀನ್ ಮಡಿಲಲ್ಲಿದ್ದ ಕಾಯಿಯನ್ನೆಲ್ಲ ಕೆಳಗಿಟ್ಟಳು.

"ಮೂರು ವರ್ಷ ಪ್ರತಿ ಭಾನುವಾರ ನಮ್ಮನೇಲಿ ಉಂಡ್ರಲ್ಲ, ಅತ್ತೆ."

"ಉಂಡೆ. ಬಾಯಿ ಬಿಟ್ರೆ ಕೆಲಸದಿಂದ ತೆಗೀತಾರೆ ಅಂತ ಹೆದರಿದೆ."

ಒಳಗೆ ಹೋಗಿ ಬೈಬಲ್ಲಿನಿಂದ ಕಾಗದ ತಂದೆ. ಚರ್ಚಿನ ರಾತ್ರಿ ಶಾಲೆಯಲ್ಲಿ ಅಕ್ಷರ ಕೂಡಿಸಲು ಬಂದಾಗ ನಾನು ಬರೆದ ಮೊದಲ ಕಾಗದ ಅದು. ಕಂಡದ್ದೆಲ್ಲ ಅದರಲ್ಲಿತ್ತು. ತಪ್ಪು ತಿದ್ದಿದ ಮೇಷ್ಟ್ರು "ಕಳಿಸಿ" ಎಂದಿದ್ದರು. ಎರಡು ವರ್ಷ ಮಡಿಸಿಟ್ಟಿದ್ದೆ.

ವರ್ಲೀನ್ ಓದಿದಳು. "ಹೊಸ ಸಾಕ್ಷಿ ಇದ್ರೆ ಫೆಡರಲ್ ಕೋರ್ಟಿನ ಅದೇ ಜಡ್ಜ್ ಮತ್ತೆ ನೋಡಬಹುದಂತೆ. ಅದಕ್ಕೆ ಇನ್ನು ಎಂಟು ದಿನ ಇದೆ. ನೋಡ್ತಾರೋ ಇಲ್ವೋ."

"ಇನ್ನೊಂದು ಹಾಳೆ ಕೊಡು."

ಅಕ್ಷರ ಅಕ್ಷರವಾಗಿ ನಕಲು ಮಾಡಿದೆ. ಎರಡರ ಕೊನೆಗೂ ದೋಣಿಯ ಹೆಸರು, ಕ್ಯಾಪ್ಟನ್ ಹೆಸರು, ನನ್ನ ಹೆಸರು ಬರೆದೆ.

ಅಂಚೆ ಕಚೇರಿಯ ಹುಡುಗಿ ಕೇಳಿದಳು: "ಯಾವ ಕೋರ್ಟಿಗಮ್ಮಾ?"

"ಎರಡಕ್ಕೂ" ಎಂದೆ. ಎರಡು ಲಕೋಟೆಯನ್ನೂ ಅವಳ ಕೈಗೆ ಕೊಟ್ಟೆ.