ಬೇಯಿಸಿಬಿಟ್ಟ ಬೀಜದ ಗಡ್ಡೆ

ಲಾರಿ ಡ್ರೈವರನ ಕಾಲಲ್ಲಿ ಚಕ್ರವಿದೆ ಎಂದು ಅಕ್ಕಪಕ್ಕದವರು ಆಡಿಕೊಳ್ಳುತ್ತಿದ್ದುದು ಸುಳ್ಳಲ್ಲ. ಟ್ರಿಪ್ ಮುಗಿಸಿ ಮನೆಗೆ ಬಂದ ಮಾರನೆಯ ದಿನವೇ ಅವನಿಗೆ ಉಸಿರು ಕಟ್ಟಿದಂತಾಗುತ್ತಿತ್ತು. ಆ ಸಲವೂ ಹಾಗೇ ಆಯಿತು. ನರ್ಸಾಗಿದ್ದ ಹೆಂಡತಿ ಆಸ್ಪತ್ರೆಗೆ ಹೋದ ಮೇಲೆ, ಕೂತಲ್ಲಿ ಕೂರಲಾರದೆ ಅಡುಗೆಗೆ ಕೈಹಾಕಿದ. ಕಿಟಕಿಯ ಬಳಿ ಮೊಟ್ಟೆ ಟ್ರೇಯಲ್ಲಿ ಜೋಡಿಸಿಟ್ಟಿದ್ದ ಆಲೂಗಡ್ಡೆ ಕಂಡಿತು. ಮೊಳಕೆ ಮುರಿದು ಬಿಸಾಡಿ ಬೇಯಿಸಿಬಿಟ್ಟ.

ಹೆಂಡತಿ ಬಂದವಳೇ ಖಾಲಿ ಟ್ರೇ ನೋಡಿದಳು. ಪಾತ್ರೆಯ ಮುಚ್ಚಳ ತೆಗೆದು ನೋಡಿದಳು.

"ಹಿತ್ತಲಿಗೆ ಹಾಕೋಕೆ ಅಂತ ಇಟ್ಟಿದ್ದ ಬೀಜದ ಗಡ್ಡೆ ಇದು," ಎಂದಳು.

ಅಷ್ಟೇ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. ಆ ಮೌನ ಎರಡು ದಿನ ಮನೆಯೆಲ್ಲ ಓಡಾಡಿತು. ಅವನೂ ಅದರ ಹಿಂದೆಯೇ ಅಂಗಳಕ್ಕೂ ಹಿತ್ತಲಿಗೂ ಸುತ್ತಿದ. ಕೊನೆಗೆ ಪಕ್ಕದ ಬೀದಿಯಲ್ಲಿದ್ದ ಅಕ್ಕನ ಮನೆಗೆ ಹೋಗಿ, ನಡೆದದ್ದು ಹೇಳಿ ಬೀಜದ ಗಡ್ಡೆ ಕೇಳಿದ.

"ನಿನ್ನ ಹೆಂಡ್ತಿನೇ ಕೊಟ್ಟ ಗಡ್ಡೆ ಕಣೋ ಇವು," ಎಂದಳು ಅಕ್ಕ. "ಅರ್ಧ ತಗೊಂಡು ಹೋಗು. ದಾರೀಲಿ ತಿಂದುಬಿಟ್ಟೀಯ."

ಗಾಜಿನ ಸರಕು ಸಾಗಿಸುವವನಂತೆ ಟವೆಲಿನಲ್ಲಿ ಸುತ್ತಿ ತಂದ. ಹೆಂಡತಿ ಚಾಕು ಒರೆಸಿ ಅವನ ಕೈಗಿಟ್ಟಳು.

"ಒಂದೊಂದು ತುಂಡಿಗೂ ಮೊಳಕೆ ಬರೋ ಕಣ್ಣು ಎರಡಾದ್ರೂ ಇರ್ಬೇಕು. ಚಿಕ್ಕವನ್ನ ಕೊಯ್ಯಬೇಡಿ, ಹಾಗೇ ಹಾಕೋಣ."

ಕೊಯ್ದು ಮುಗಿಸಿದ್ದೇ ತಡ, ಗುದ್ದಲಿ ಹಿಡಿದು ಹೊರಟ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ಹಸಿ ಗಾಯ ಮಣ್ಣಿಗೆ ಹಾಕಿದ್ರೆ ಕೊಳೆಯುತ್ತೆ. ಎರಡು ಮೂರು ದಿನ ನೆರಳಲ್ಲಿ ಆರಲಿ."

"ಫ್ಯಾನ್ ಹಾಕ್ಲಾ?"

ಅವಳ ತುಟಿಯಂಚು ಸ್ವಲ್ಪ ಅಲುಗಿತು. "ಬೇಡ ರೀ."

ಗಳಿಗೆಗೊಮ್ಮೆ ಹೋಗಿ ತುಂಡುಗಳನ್ನು ಮುಟ್ಟಿ ನೋಡುತ್ತಿದ್ದ. ಇನ್ನೂ ಅಂಟಂಟು. ಸಂಜೆ ಲಾರಿ ಮಾಲೀಕನ ಫೋನು ಬಂತು: ಲೋಡ್ ಸಿದ್ಧ, ಬೆಳಿಗ್ಗೆ ಹೊರಡಬೇಕು. ಅವನ ಕಾಲುಗಳು ಆಗಲೇ ಚಪ್ಪಲಿ ಹುಡುಕುತ್ತಿದ್ದವು. ಒಳಗೆ ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು.

"ಈ ಸಲ ಬೇರೆಯವರನ್ನ ಕಳಿಸಿ ಸಾರ್," ಎಂದ. "ಮನೇಲಿ ಕೆಲ್ಸ ಇದೆ."

ಹೇಳಿದ್ದೇನೋ ಹೇಳಿಬಿಟ್ಟ; ಉಳಿದ ದಿನಗಳನ್ನು ಕೆಂಡದ ಮೇಲೆ ನಿಂತಂತೆ ಕಳೆದ. ಬಟ್ಟೆ ಒಣಹಾಕುವ ತಂತಿ ಬಿಗಿದ, ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ, ಒಂದೇ ಪಾತಿಯನ್ನು ಮತ್ತೆ ಮತ್ತೆ ಅಗೆದ. ಕೊನೆಗೆ ತುಂಡುಗಳ ಮೈ ಒಣಗಿ ಬಿರುಸಾಯಿತು. ಹೆಂಡತಿ ಕಣ್ಣು ಮೇಲೆ ಮಾಡಿ ಸಾಲಾಗಿ ಇಟ್ಟಳು, ಅವನು ಮಣ್ಣೆಳೆದು ಗುದ್ದಿ ಗುದ್ದಿ ಮುಚ್ಚಿದ.

"ರಸ್ತೆ ಮಾಡ್ತಿದ್ದೀರಾ?" ಎಂದು ಅವಳು ಮಣ್ಣು ಸಡಿಲಿಸಿದಳು.

ಮುಂದಿನ ಲೋಡಿಗೆ ಹೊರಟ. ದಾರಿಯುದ್ದಕ್ಕೂ ಬೆಳಿಗ್ಗೆ, ಸಂಜೆ ಫೋನು. ಮೊಳಕೆ ಬಂತಾ? ಇಲ್ಲ. ಕೆದಕಿ ನೋಡು. ನೋಡಲ್ಲ. ಒಂದು ಬೆಳಿಗ್ಗೆ ಅವಳೇ ಫೋನು ಮಾಡಿದಳು: ನೆಲ ಬಿರಿದಿದೆ, ಎರಡು ಕಡೆ ಹಸಿರು ಕಾಣುತ್ತಿದೆ.

ಲಾರಿಯ ಮುಂದಿನ ಸಿಗ್ನಲ್ಲೂ ಹಸಿರಾಗಿತ್ತು. ಹಿಂದಿನವರು ಹಾರ್ನ್ ಬಾರಿಸುತ್ತಿದ್ದರು. "ಮೂಲೆಯಲ್ಲೂ ಬಂದಿದೆಯಾ, ಸರಿಯಾಗಿ ನೋಡು," ಎನ್ನುತ್ತ ಅವನು ಕೂತೇ ಇದ್ದ.